ನೀಮನ್ ನದಿಯ ತೆಪ್ಪ: ರಷ್ಯನ್ನರು ಮತ್ತು ಫ್ರೆಂಚರು

ಹೈಸ್ಕೂಲಿನ ಇತಿಹಾಸ ಪಾಠದಲ್ಲಿ ರಷ್ಯಾ ಮತ್ತು ಫ್ರಾನ್ಸ್ ಎದುರುಬದುರಾಗುವುದು ಸಾಮಾನ್ಯವಾಗಿ ಒಂದೇ ಬಾರಿ. ನೆಪೋಲಿಯನ್ ಮಾಸ್ಕೋವರೆಗೆ ಹೋದ, ಹಿಮ ಬಿತ್ತು, ಸೈನ್ಯ ನಾಶವಾಯಿತು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅಷ್ಟು ಸಾಕು. ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಬಿದ್ದ ಅನೇಕರು ಆ ಎರಡು ಅಂಕ ಗಳಿಸಿಯೇ ಮುಂದೆ ಹೋದವರು. ಆದರೆ ಈ ಎರಡು ಜನಾಂಗಗಳ ಒಡನಾಟ ಒಂದು ಚಳಿಗಾಲದ್ದಲ್ಲ, ಸುಮಾರು ಸಾವಿರ ವರ್ಷದ್ದು. ಅದನ್ನು ಬೆಳೆಸಿದವರಲ್ಲಿ ಮನೆಪಾಠದ ಮೇಷ್ಟರು, ಶಿಲ್ಪಿಗಳು, ಕಾದಂಬರಿಕಾರರು, ನೃತ್ಯಗುರುಗಳು ಇದ್ದರು. ಅದರ ಖರ್ಚು ಹೊತ್ತವರು ಮಾತ್ರ ಬೇರೆಯೇ ಜನ: ಸಿಪಾಯಿಗಳು, ರೈತರು, ಸಣ್ಣ ಉಳಿತಾಯದವರು. ಒಪ್ಪಂದಗಳ ಕೆಳಗೆ ರುಜು ಹಾಕಿದವರ ಹೆಸರು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಈ ಲೇಖನದಲ್ಲಿ ನಾನು ಆ ಖರ್ಚಿನ ಕಡೆಗೂ ಸ್ವಲ್ಪ ನೋಡಬಯಸುತ್ತೇನೆ.

ಕಥೆ ಶುರುವಾಗುವುದು ಒಂದು ಮದುವೆಯಿಂದ. 1051ರಲ್ಲಿ ಕೀವ್‌ನ ದೊರೆ ಯಾರೊಸ್ಲಾವ್‌ನ ಮಗಳು ಆನ್ನಾ ಫ್ರಾನ್ಸಿನ ರಾಜ ಒಂದನೇ ಹೆನ್ರಿಯ ಕೈಹಿಡಿದಳು. ಗಂಡ ತೀರಿಕೊಂಡ ಮೇಲೆ, ಮಗ ಫಿಲಿಪ್ ಇನ್ನೂ ಬಾಲಕನಾಗಿದ್ದಾಗ, 1063ರ ಒಂದು ಶಾಸನಪತ್ರದ ಮೇಲೆ ಅವಳ ರುಜು ಇದೆ. 'ರಾಣಿ ಆನ್ನಾ' ಎಂಬರ್ಥದ ಮಾತು. ಪದ ಗಂಡನ ನಾಡಿನದು, ಲಿಪಿ ತವರಿನ ಸಿರಿಲಿಕ್. ಎರಡು ನಾಡುಗಳ ನಂಟಿಗೆ ಇದಕ್ಕಿಂತ ಚೆಂದದ ಗುರುತು ನನಗೆ ಗೊತ್ತಿಲ್ಲ. ಕೀವ್ ಈಗ ಉಕ್ರೇನಿನ ರಾಜಧಾನಿ. 2017ರಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ವರ್ಸೈಯಲ್ಲಿ ಮಾತನಾಡುತ್ತ ಈಕೆಯನ್ನು ರಷ್ಯಾದ ಆನ್ನಾ ಎಂದು ಕರೆದಾಗ ಉಕ್ರೇನಿನವರು ತಕ್ಷಣ ಆಕ್ಷೇಪಿಸಿದರು. ಸಾವಿರ ವರ್ಷದ ಹಿಂದೆ ಕೊಟ್ಟ ಹೆಣ್ಣಿನ ತವರು ಯಾವುದೆಂಬ ಜಗಳ ಇನ್ನೂ ಮುಗಿದಿಲ್ಲ.

ಆಮೇಲೆ ಶತಮಾನಗಟ್ಟಲೆ ಎರಡೂ ಕಡೆಯವರಿಗೆ ಪರಸ್ಪರರ ಪರಿಚಯ ತೀರ ಕಡಿಮೆ. 1717ರಲ್ಲಿ ಪೀಟರ್ ದಿ ಗ್ರೇಟ್ ಪ್ಯಾರಿಸ್ಸಿಗೆ ಬಂದಾಗ ಅಲ್ಲಿನವರು ಆರೂವರೆ ಅಡಿ ಮೀರಿದ ಈ ಝಾರ್ ದೊರೆಯನ್ನು ಬೆರಗಾಗಿ ನೋಡಿದರು. ತನಗಾಗಿ ಸಿಂಗರಿಸಿದ್ದ ಅರಮನೆಯ ಕೋಣೆಗಳು ಬೇಡವೆಂದು ಬೇರೆ ಮನೆಗೆ ಹೋಗಿ, ಒಂದು ಚಿಕ್ಕ ಕೋಣೆಯಲ್ಲಿ ದಂಡಿನ ಮಂಚ ಹಾಕಿಸಿಕೊಂಡು ಮಲಗಿದನು. ಆಗ ಹದಿನೈದನೇ ಲೂಯಿಗೆ ಏಳು ವರ್ಷ. ರಾಜಮರ್ಯಾದೆಯ ನಿಯಮವನ್ನೆಲ್ಲ ಬದಿಗೊತ್ತಿ ಪೀಟರ್ ಆ ಬಾಲರಾಜನನ್ನು ಎತ್ತಿಕೊಂಡೇಬಿಟ್ಟನು. ಸುತ್ತ ನಿಂತಿದ್ದ ಆಸ್ಥಾನಿಕರ ಮುಖ ಹೇಗಾಗಿತ್ತೋ, ಊಹಿಸಿಕೊಳ್ಳಬೇಕು. ಅವನಿಗೆ ಬೇಕಾಗಿದ್ದುದು ಉಪಚಾರವಲ್ಲ. ಕಾರ್ಖಾನೆ, ವಿಜ್ಞಾನ ಅಕಾಡೆಮಿ, ಕುಶಲಕರ್ಮಿಗಳು. ಅವನು ಕಟ್ಟಿಸುತ್ತಿದ್ದ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಲೆ ಬ್ಲಾಂ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಹಿಂದಿನ ವರ್ಷವೇ ಹೋಗಿ ಸೇರಿದ್ದನು.

ಪೀಟರ್ ಫ್ರಾನ್ಸಿನಿಂದ ಕಸುಬು ತಂದರೆ ಎರಡನೇ ಕ್ಯಾಥರೀನ್ ವಿಚಾರ ತರಿಸಿಕೊಂಡಳು. ಹುಟ್ಟಿನಿಂದ ಜರ್ಮನ್ ರಾಜಕುಮಾರಿ, ಆಳಿದ್ದು ರಷ್ಯಾವನ್ನು, ಪತ್ರ ಬರೆದದ್ದು ಫ್ರೆಂಚಿನಲ್ಲಿ. ವೋಲ್ಟೇರನೊಂದಿಗೆ ಸುಮಾರು ಹದಿನೈದು ವರ್ಷ ಪತ್ರ ವ್ಯವಹಾರ ನಡೆಸಿದಳು; ಇಬ್ಬರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ವಿಶ್ವಕೋಶದ ಸಂಪಾದಕ ದಿದೆರೊ ಹಣದ ಮುಗ್ಗಟ್ಟಿನಿಂದ ತನ್ನ ಪುಸ್ತಕಗಳನ್ನು ಮಾರಲು ಹೊರಟಾಗ, 1765ರಲ್ಲಿ ಕ್ಯಾಥರೀನ್ 15,000 ಲೀವ್ರ್ ಕೊಟ್ಟು ಕೊಂಡಳು. ಕೊಂಡ ಪುಸ್ತಕಗಳನ್ನು ಅವನ ಮನೆಯಲ್ಲೇ ಬಿಟ್ಟು, ಅವನನ್ನೇ ಅವುಗಳ ಗ್ರಂಥಪಾಲನೆಂದು ನೇಮಿಸಿ ಸಂಬಳ ಗೊತ್ತುಮಾಡಿದಳು. ಸಂಬಳ ಒಮ್ಮೆ ತಡವಾದಾಗ ಐವತ್ತು ವರ್ಷದ್ದನ್ನು ಮುಂಗಡವಾಗಿಯೇ ಕಳಿಸಿದಳು. ಮೇಷ್ಟರಾದವರಿಗೆ ಈ ಕಥೆ ಕೇಳಿ ಸ್ವಲ್ಪ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ. ಉಪಕಾರ ತೀರಿಸಲು ದಿದೆರೊ 1773ರಲ್ಲಿ ಪೀಟರ್ಸ್‌ಬರ್ಗ್‌ವರೆಗೆ ಪ್ರಯಾಣ ಮಾಡಿದ. ಮಾತಿನ ಭರದಲ್ಲಿ ಅವನು ರಾಣಿಯ ಮೊಣಕಾಲನ್ನೇ ತಟ್ಟುತ್ತಿದ್ದನೆಂದೂ, ಅವಳು ನಡುವೆ ಒಂದು ಮೇಜು ಇಡಿಸಿದಳೆಂದೂ ಕಥೆಯಿದೆ. ಆ ನಗರದ ಹೆಗ್ಗುರುತಾಗಿರುವ ಪೀಟರನ ಕಂಚಿನ ಅಶ್ವಾರೋಹಿ ಪ್ರತಿಮೆ ಕೂಡ ಫಾಲ್ಕೊನೆ ಎಂಬ ಫ್ರೆಂಚನ ಕೆಲಸ. ಅದರ ತಲೆಯ ಭಾಗವನ್ನು ರೂಪಿಸಿದವಳು ಅವನ ಶಿಷ್ಯೆ ಮಾರಿ-ಆನ್ ಕೊಲ್ಲೊ. ವೋಲ್ಟೇರ್ ಸತ್ತ ಮೇಲೆ ಅವನ ಗ್ರಂಥಭಂಡಾರವನ್ನೂ ಕ್ಯಾಥರೀನ್ ಕೊಂಡಳು. ಸುಮಾರು ಏಳು ಸಾವಿರ ಸಂಪುಟಗಳು, ಅಂಚಿನಲ್ಲಿ ಅವನ ಕೈಬರಹದ ಟಿಪ್ಪಣಿಗಳ ಸಹಿತ, ಇಂದಿಗೂ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿವೆ.

ಆದರೆ ಆ ವಿಚಾರಗಳು ಪುಸ್ತಕ ಬಿಟ್ಟು ಬೀದಿಗೆ ಬಂದಾಗ ಅವಳ ಮೆಚ್ಚುಗೆ ಅಲ್ಲಿಗೇ ನಿಂತಿತು. 1793ರಲ್ಲಿ ಹದಿನಾರನೇ ಲೂಯಿಯ ತಲೆ ಬಿದ್ದ ಸುದ್ದಿ ಬಂದೊಡನೆ ಫ್ರಾನ್ಸಿನೊಂದಿಗೆ ಸಂಬಂಧ ಕಡಿದುಕೊಂಡಳು. ಕ್ರಾಂತಿಗೆ ಹೆದರಿ ಓಡಿಬಂದ ಫ್ರೆಂಚ್ ಗಣ್ಯರಿಗೆ ಮಾತ್ರ ರಷ್ಯಾ ಬಾಗಿಲು ತೆರೆಯಿತು. ಅವರಲ್ಲೊಬ್ಬ ರಿಷಲ್ಯೂ ಎಂಬ ಡ್ಯೂಕ್. ಹನ್ನೊಂದು ವರ್ಷ ಒಡೆಸ್ಸಾದ ರಾಜ್ಯಪಾಲನಾಗಿ ಆ ಬಂದರನ್ನು ಬೆಳೆಸಿ, ತಿರುಗಿ ಹೋಗಿ 1815ರಲ್ಲಿ ಫ್ರಾನ್ಸಿನ ಪ್ರಧಾನಮಂತ್ರಿಯಾದ. ಹೆಸರಿಲ್ಲದ ಇನ್ನೆಷ್ಟೋ ಫ್ರೆಂಚರು ಜಮೀನುದಾರರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದರು. ಇದರ ಫಲ ಗಾಢವಾದದ್ದು. ರಷ್ಯಾದ ಮೇಲ್ವರ್ಗದ ಮಕ್ಕಳು ಆಳುಗಳ ಜೊತೆ ರಷ್ಯನ್, ತಂದೆತಾಯಿಯರ ಜೊತೆ ಫ್ರೆಂಚ್ ಆಡುತ್ತ ಬೆಳೆದರು. ನಮ್ಮಲ್ಲಿ ಇಂಗ್ಲಿಷಿಗಿರುವ ಸ್ಥಾನ ನೆನಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಫ್ರೆಂಚರು ರಷ್ಯಾವನ್ನು ಒಂದು ದಿನವೂ ಆಳಿರಲಿಲ್ಲ. ರಷ್ಯನ್ ಭಾಷೆಯ ಮಹಾಕವಿ ಪುಷ್ಕಿನ್ ಬಾಲ್ಯದಲ್ಲಿ ಮೊದಲು ಪದ್ಯ ಕಟ್ಟಿದ್ದು ಫ್ರೆಂಚಿನಲ್ಲಿ, ಶಾಲೆಯಲ್ಲಿ ಅವನ ಅಡ್ಡಹೆಸರು 'ಫ್ರೆಂಚ'. 1837ರಲ್ಲಿ ದ್ವಂದ್ವಯುದ್ಧದಲ್ಲಿ ಅವನನ್ನು ಕೊಂದವನೂ ದಾಂಥೆಸ್ ಎಂಬ ಫ್ರೆಂಚನೇ. ಕನ್ನಡದಲ್ಲಿಯೂ ಓದಲು ಸಿಗುವ ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ' ಮೂಲದಲ್ಲಿ ಆರಂಭವಾಗುವುದು ಫ್ರೆಂಚ್ ಸಂಭಾಷಣೆಯಿಂದ. ಫ್ರೆಂಚರನ್ನು ಹೊಡೆದೋಡಿಸಿದ ಕಥೆ ಹೇಳುವ ಕಾದಂಬರಿಗೆ ಅವರ ಭಾಷೆಯೇ ಹೊಸ್ತಿಲು!

ಈಗ ನೆಪೋಲಿಯನ್ನನ ಕಾಲಕ್ಕೆ ಬರೋಣ. ಮೊದಲು ನಮ್ಮ ನಾಡಿಗೆ ತಾಗಿಯೂ ತಾಗದಂತೆ ಹೋದ ಒಂದು ಪ್ರಸಂಗ. ಫ್ರೆಂಚರ ನೆರವನ್ನು ಕಾಯುತ್ತಿದ್ದ ಟಿಪ್ಪು ಸುಲ್ತಾನ್ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದನು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1801ರ ಆರಂಭದಲ್ಲಿ, ನೆಪೋಲಿಯನ್ನನ ಕಡೆಗೆ ವಾಲಿದ್ದ ಝಾರ್ ಪಾಲ್ ಬ್ರಿಟಿಷರಿಗೆ ಪೆಟ್ಟು ಕೊಡಲೆಂದು ಸುಮಾರು 22,000 ಕೊಸಾಕ್ ಸವಾರರನ್ನು ಭಾರತದ ಕಡೆಗೆ ಹೊರಡಿಸಿದನು. ಸರಿಯಾದ ನಕ್ಷೆಯೂ ಇಲ್ಲದ ದಂಡು ಅದು. ಮಾರ್ಚಿನಲ್ಲಿ ಪಾಲ್ ಅರಮನೆಯಲ್ಲೇ ಕೊಲೆಯಾದ. ಮಗ ಒಂದನೇ ಅಲೆಕ್ಸಾಂಡರ್ ಪಟ್ಟಕ್ಕೆ ಬಂದು ದಂಡನ್ನು ಹಿಂದಕ್ಕೆ ಕರೆಸಿದ.

ಅಲೆಕ್ಸಾಂಡರನ ಸೈನ್ಯ 1805ರಲ್ಲಿ ಆಸ್ಟರ್ಲಿಟ್ಜ್‌ನಲ್ಲಿ, 1807ರಲ್ಲಿ ಫ್ರೀಡ್‌ಲ್ಯಾಂಡ್‌ನಲ್ಲಿ ಸೋತಿತು. ಆಗ ನಡೆದದ್ದು ಟಿಲ್ಸಿಟ್ ಭೇಟಿ. 1807ರ ಜೂನ್ 25ರಂದು ನೀಮನ್ ನದಿಯ ನಡುವೆ ಒಂದು ತೆಪ್ಪ ಕಟ್ಟಿ, ಅದರ ಮೇಲೆ ಡೇರೆ ಹಾಕಿ, ಇಬ್ಬರು ಚಕ್ರವರ್ತಿಗಳು ಎರಡು ದಡದಿಂದ ದೋಣಿಯಲ್ಲಿ ಬಂದು ಸೇರಿದರು. ದುಭಾಷಿ ಬೇಕಾಗಲಿಲ್ಲ, ಅಲೆಕ್ಸಾಂಡರನ ಫ್ರೆಂಚ್ ಅಷ್ಟು ಚೆನ್ನಾಗಿತ್ತು. ಯಾರ ರಾಜ್ಯದ ಭವಿಷ್ಯ ಅಲ್ಲಿ ತೀರ್ಮಾನವಾಗುತ್ತಿತ್ತೋ ಆ ಪ್ರಷ್ಯಾದ ರಾಜ ದಡದಲ್ಲೇ ನಿಂತು ಕಾಯುತ್ತಿದ್ದ. ಅಪ್ಪುಗೆ, ಔತಣ, ಪದಕಗಳ ವಿನಿಮಯ ಎಲ್ಲ ಆಯಿತು. ಬ್ರಿಟನ್ನಿನೊಂದಿಗೆ ವ್ಯಾಪಾರ ನಿಲ್ಲಿಸುವುದಾಗಿ ರಷ್ಯಾ ಒಪ್ಪಿತು. ಆ ಒಪ್ಪಿಗೆಯಲ್ಲೇ ಜಗಳದ ಬೀಜವಿತ್ತು, ಏಕೆಂದರೆ ರಷ್ಯಾದ ಮರ, ಸೆಣಬು, ಧಾನ್ಯಗಳಿಗೆ ದೊಡ್ಡ ಗಿರಾಕಿ ಬ್ರಿಟನ್ನೇ. 1810ರ ಕೊನೆಗೆ ಅಲೆಕ್ಸಾಂಡರ್ ಬಂದರುಗಳನ್ನು ಸಡಿಲಿಸಿ ಫ್ರೆಂಚ್ ಸರಕಿನ ಮೇಲೆ ಸುಂಕ ಏರಿಸಿದ. 1812ರ ಜೂನ್ 24ರಂದು, ತೆಪ್ಪದ ಅಪ್ಪುಗೆಗೆ ಐದು ವರ್ಷ ತುಂಬಲು ಒಂದು ದಿನ ಬಾಕಿಯಿರುವಾಗ, ನೆಪೋಲಿಯನ್ನನ ದಂಡು ಅದೇ ನೀಮನ್ ನದಿಯನ್ನು ದಾಟತೊಡಗಿತು.

ಆ ದಂಡಿನ ಬಗ್ಗೆ ಎರಡು ಮಾತು. ಸುಮಾರು ಆರು ಲಕ್ಷ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಫ್ರೆಂಚರಲ್ಲ. ಪೋಲರು, ಜರ್ಮನರು, ಇಟಾಲಿಯನ್ನರು ಮುಂತಾದವರು. ಇನ್ನು, ಅವರನ್ನು ಹಿಮವೊಂದೇ ಕೊಂದಿತು ಎನ್ನುವುದು ಸರಿಯಲ್ಲ. ಸೆಪ್ಟೆಂಬರ್ 14ರಂದು ಮಾಸ್ಕೋ ಹೊಕ್ಕಾಗಲೇ ನೆಪೋಲಿಯನ್ನನ ಜೊತೆ ಉಳಿದಿದ್ದವರು ಒಂದು ಲಕ್ಷದಷ್ಟು. ಬೇಸಿಗೆಯ ಬಿಸಿಲು, ಮೇವಿಲ್ಲದ ಕುದುರೆಗಳು, ಜ್ವರ, ಭೇದಿ, ಬೊರೊಡಿನೊ ಕದನ, ಹಿಂದೆ ಬಿಟ್ಟುಬಂದ ಕಾವಲು ಪಡೆಗಳು, ಇವೆಲ್ಲ ಸೇರಿ ಆ ಸ್ಥಿತಿ ಬಂದಿತ್ತು. ಹಿಮ ಕೊನೆಯ ಪೆಟ್ಟು ಕೊಟ್ಟಿತು. ಮುಂದೆ ಈ ಪಾಠ ಹೇಳುವ ಶಿಕ್ಷಕರು ಇಷ್ಟನ್ನಾದರೂ ಮಕ್ಕಳಿಗೆ ತಿಳಿಸಬೇಕೆಂದು ನನ್ನ ಕೋರಿಕೆ.

ಕವಿಯೂ ಸೈನ್ಯಾಧಿಕಾರಿಯೂ ಆಗಿದ್ದ ಡೆನಿಸ್ ದವಿದೊವ್ ಆ ವರ್ಷದ ಬಗ್ಗೆ ಬರೆದಿಟ್ಟ ಒಂದು ಅನುಭವ ನನಗೆ ಇಡೀ ಯುದ್ಧಕ್ಕಿಂತ ಹೆಚ್ಚು ಹೇಳುತ್ತದೆ. ಅವನ ಚಿಕ್ಕ ಪಡೆ ಶತ್ರುವಿನ ಬೆನ್ನ ಹಿಂದೆ ಹಳ್ಳಿಹಳ್ಳಿ ಸುತ್ತುವಾಗ ರಷ್ಯಾದ ರೈತರೇ ಇವರ ಮೇಲೆ ಕೊಡಲಿ, ಬಂದೂಕು ಹಿಡಿದು ಬೀಳುತ್ತಿದ್ದರು. ಸಮವಸ್ತ್ರ, ನಡೆನುಡಿ ಎಲ್ಲ ನೋಡಿ ಇವರೂ ಫ್ರೆಂಚರೇ ಎಂದುಕೊಂಡಿದ್ದರು. ಕೊನೆಗೆ ದವಿದೊವ್ ಗಡ್ಡ ಬಿಟ್ಟು, ರೈತರ ನಿಲುವಂಗಿ ತೊಟ್ಟು, ಎದೆಯ ಮೇಲೆ ಸಂತ ನಿಕೊಲಾಸನ ಚಿತ್ರ ತೂಗಿಸಿಕೊಂಡು, ಹಳ್ಳಿಯವರ ಮಾತಿನಲ್ಲೇ ಮಾತನಾಡತೊಡಗಿದ. ಆಗಲೇ ಸ್ವಂತ ದೇಶದ ಜನ ಅವನನ್ನು ತಮ್ಮವನೆಂದು ನಂಬಿದರು. ಒಡೆಯರಿಗೂ ಒಕ್ಕಲಿಗೂ ನಡುವೆ ಆ ದೇಶದಲ್ಲಿ ಎಷ್ಟು ಅಂತರ ಬೆಳೆದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1814ರ ಮಾರ್ಚ್ 31ರಂದು ಅಲೆಕ್ಸಾಂಡರ್ ಪ್ಯಾರಿಸ್ ಪ್ರವೇಶಿಸಿದ. ಸುಟ್ಟ ಮಾಸ್ಕೋಗೆ ಪ್ರತಿಯಾಗಿ ಪ್ಯಾರಿಸ್ಸನ್ನು ಸುಡಲಿಲ್ಲ. ಇದು ಅವನ ಹೆಗ್ಗಳಿಕೆ. ಕೊಸಾಕರು ಷಾಂಜ್ ಎಲಿಜೆಯಲ್ಲಿ ಬೀಡುಬಿಟ್ಟರು. ಅವರು ಹೋಟೆಲಿನಲ್ಲಿ 'ಬಿಸ್ತ್ರೊ', ಅಂದರೆ ಬೇಗ ಎಂದು ಕೂಗುತ್ತಿದ್ದುದರಿಂದ ಫ್ರೆಂಚರ ಸಣ್ಣ ಹೋಟೆಲಿಗೆ 'ಬಿಸ್ತ್ರೊ' ಎಂಬ ಹೆಸರು ಬಂತೆಂದು ಹೇಳುವುದುಂಟು. ಕಥೆ ಸೊಗಸಾಗಿದೆ, ಆದರೆ ಆ ಪದ ಫ್ರೆಂಚ್ ಬರವಣಿಗೆಯಲ್ಲಿ ಕಾಣಿಸುವುದು 1880ರ ದಶಕದಲ್ಲಿ. ಭಾಷಾ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. 1818ರವರೆಗೆ ಉತ್ತರ ಫ್ರಾನ್ಸಿನಲ್ಲಿ ಉಳಿದಿದ್ದ ರಷ್ಯನ್ ಪಡೆಯ ಮುಖ್ಯಸ್ಥ ವೊರೊಂತ್ಸೊವ್, ಊರು ಬಿಡುವ ಮೊದಲು, ತನ್ನ ಅಧಿಕಾರಿಗಳೂ ಸೈನಿಕರೂ ಸ್ಥಳೀಯರಲ್ಲಿ ಮಾಡಿದ್ದ ಸಾಲವನ್ನೆಲ್ಲ ಸ್ವಂತ ಹಣದಿಂದ ತೀರಿಸಿ ಹೋದ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1853-56ರ ಕ್ರಿಮಿಯಾ ಯುದ್ಧದಲ್ಲಿ ಮತ್ತೆ ಇಬ್ಬರೂ ಎದುರಾಳಿಗಳಾದರು. ಸೆವಸ್ತೊಪೋಲಿನ ಮುತ್ತಿಗೆ 349 ದಿನ ನಡೆಯಿತು. ಕೋಟೆಯ ಒಳಗೆ ಯುವಕ ಟಾಲ್‌ಸ್ಟಾಯ್ ಫಿರಂಗಿದಳದಲ್ಲಿದ್ದ. ಪ್ಯಾರಿಸ್ಸಿನಲ್ಲಿ ಸೆವಸ್ತೊಪೋಲ್ ಹೆಸರಿನ ಹೆದ್ದಾರಿ, ಅಲ್ಮಾ ಹೆಸರಿನ ಸೇತುವೆ ಇರುವುದು ಆ ಯುದ್ಧದ ನೆನಪಿಗೆ. ಇದನ್ನು ಇಷ್ಟಕ್ಕೇ ಬಿಡುತ್ತೇನೆ.

ಸೈನ್ಯಗಳು ಕಾದಾಡುತ್ತಿದ್ದ ಅದೇ ಶತಮಾನದಲ್ಲಿ ಕಲೆಯ ಕೊಡುಕೊಳ್ಳುವಿಕೆ ನಿಲ್ಲಲಿಲ್ಲ. ಮಾರ್ಸೇಲ್ಸ್‌ನಲ್ಲಿ ಹುಟ್ಟಿದ ಮಾರಿಯಸ್ ಪೆಟಿಪಾ 1847ರಲ್ಲಿ ಪೀಟರ್ಸ್‌ಬರ್ಗ್‌ಗೆ ನೃತ್ಯಗಾರನಾಗಿ ಹೋದವನು ಸಾಯುವವರೆಗೂ ರಷ್ಯಾದವನೇ ಆಗಿ ಉಳಿದ. ನಾವಿಂದು ರಷ್ಯನ್ ಬ್ಯಾಲೆ ಎನ್ನುವುದರ ಬಹುಪಾಲು ಅವನು ಕಟ್ಟಿದ್ದು. 1909ರಲ್ಲಿ ದಿಯಾಗಿಲೆವ್ ಅದೇ ಬ್ಯಾಲೆಯನ್ನು ಹೊಸ ರೂಪದಲ್ಲಿ ಪ್ಯಾರಿಸ್ಸಿಗೆ ತಂದಾಗ ಪ್ಯಾರಿಸ್ ಹುಚ್ಚೆದ್ದು ಕುಣಿಯಿತು. ಕೊಟ್ಟ ಬಿತ್ತನೆ ಬೆಳೆಯಾಗಿ ಮನೆಗೆ ಬಂದಿತ್ತು. ಹೀಗೆಯೇ, ಫ್ರೆಂಚ್ ಕಾದಂಬರಿಗಳನ್ನು ಓದಿ ಬೆಳೆದ ತುರ್ಗೆನೆವ್ ಪ್ಯಾರಿಸ್ಸಿನ ಹತ್ತಿರವೇ ನೆಲೆಸಿ ಫ್ಲೊಬೇರ್, ಜೋಲಾ ಮುಂತಾದವರಿಗೆ ಗೆಳೆಯನಾಗಿ, ರಷ್ಯನ್ ಸಾಹಿತ್ಯವನ್ನು ಅವರಿಗೆ ಪರಿಚಯಿಸಿದ.

ಇನ್ನು ಈ ಸಂಬಂಧದ ಅತ್ಯಂತ ವಿಚಿತ್ರ ಅಧ್ಯಾಯ: ಸಾಲ. 1870-71ರಲ್ಲಿ ಜರ್ಮನರಿಂದ ಸೋತ ಫ್ರಾನ್ಸ್ ಯೂರೋಪಿನಲ್ಲಿ ಒಂಟಿಯಾಗಿತ್ತು. ರಷ್ಯಾಗೆ ರೈಲು ಹಾಕಲು, ಕಾರ್ಖಾನೆ ಕಟ್ಟಲು ಹಣ ಬೇಕಿತ್ತು. 1887ರಲ್ಲಿ ಬಿಸ್ಮಾರ್ಕ್ ರಷ್ಯನ್ ಸಾಲಪತ್ರಗಳ ಮೇಲೆ ಜರ್ಮನಿಯ ಕೇಂದ್ರ ಬ್ಯಾಂಕು ಹಣ ಕೊಡಕೂಡದೆಂದು ತಡೆ ಹಾಕಿದ. ರಷ್ಯಾ ಪ್ಯಾರಿಸ್ಸಿನ ಕಡೆ ತಿರುಗಿತು. 1888ರಲ್ಲಿ ಮೊದಲ ದೊಡ್ಡ ಸಾಲ ಎತ್ತಲಾಯಿತು. ಹಿಂದೆಯೇ ಸ್ನೇಹ ಬಂತು. 1891ರಲ್ಲಿ ಫ್ರೆಂಚ್ ನೌಕಾಪಡೆ ಕ್ರೋನ್‌ಸ್ಟಾಟ್ ಬಂದರಿಗೆ ಭೇಟಿ ಕೊಟ್ಟಾಗ ಝಾರ್ ಮೂರನೇ ಅಲೆಕ್ಸಾಂಡರ್ ಟೊಪ್ಪಿ ತೆಗೆದು ನಿಂತು ಮಾರ್ಸೆಯೇಸ್ ಗೀತೆ ಕೇಳಿದ. ರಾಜರ ವಿರುದ್ಧ ಹುಟ್ಟಿದ ಆ ಹಾಡನ್ನು ಅವನ ರಾಜ್ಯದಲ್ಲಿ ಬೇರೆ ಯಾರಾದರೂ ಹಾಡಿದ್ದರೆ ಸೆರೆಮನೆ ಕಾದಿತ್ತು! 1894ರ ಹೊತ್ತಿಗೆ ಸೈನಿಕ ಒಪ್ಪಂದ ಗಟ್ಟಿಯಾಯಿತು: ಜರ್ಮನಿ ಒಬ್ಬರ ಮೇಲೆ ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು. 1896ರಲ್ಲಿ ಎರಡನೇ ನಿಕೊಲಾಸ್ ಪ್ಯಾರಿಸ್ಸಿಗೆ ಬಂದು ತಂದೆಯ ಹೆಸರಿನ ಸೇತುವೆಗೆ ಶಂಕುಸ್ಥಾಪನೆ ಮಾಡಿದ.

ಸಾಲ ಕೊಟ್ಟವರು ಯಾರು? ಬ್ಯಾಂಕುಗಳು ಮಧ್ಯವರ್ತಿಗಳಷ್ಟೇ. ಊರೂರಿನ ಶಾಖೆಗಳಲ್ಲಿ ಅವು 500 ಫ್ರಾಂಕಿನ ಸಾಲಪತ್ರಗಳನ್ನು ಮಾರಿದವು. ಕೊಂಡವರು ಅಂಗಡಿಯವರು, ಶಾಲಾ ಮೇಷ್ಟರು, ಅಂಚೆ ನೌಕರರು, ರೈತರು, ವಿಧವೆಯರು. ಮಗಳ ಮದುವೆಗೆ, ಮುಪ್ಪಿನ ದಿನಕ್ಕೆ ಎಂದು ಕೂಡಿಟ್ಟ ಹಣ. ಪತ್ರದ ಅಂಚಿನಲ್ಲಿ ಸಾಲಾಗಿ ಕೂಪನ್‌ಗಳಿದ್ದವು. ಗೊತ್ತಾದ ದಿನ ಒಂದನ್ನು ಕತ್ತರಿಸಿ ಬ್ಯಾಂಕಿಗೆ ಒಯ್ದರೆ ಬಡ್ಡಿ ಕೈಗೆ ಬರುತ್ತಿತ್ತು. ಬಡ್ಡಿ ತಪ್ಪದೆ ಬರುತ್ತಿದ್ದುದರಿಂದ ಅಸಲಿನ ಚಿಂತೆ ಯಾರೂ ಮಾಡಲಿಲ್ಲ. 1905ರಲ್ಲಿ ಜಪಾನಿನಿಂದ ಸೋತು, ಒಳಗೆ ಕ್ರಾಂತಿ ಎದ್ದು, ಝಾರನ ಖಜಾನೆ ಬರಿದಾದಾಗಲೂ 1906ರಲ್ಲಿ 225 ಕೋಟಿ ಫ್ರಾಂಕಿನ ಸಾಲ ಎತ್ತಲಾಯಿತು. ಅರ್ಧಕ್ಕಿಂತ ಹೆಚ್ಚು ಫ್ರಾನ್ಸಿನಿಂದ. ಆ ಹಣದ ಬಲದಿಂದ ಝಾರ್ ಹೊಸದಾಗಿ ಹುಟ್ಟಿದ್ದ ಸಂಸತ್ತಿನ ಹಂಗಿಲ್ಲದೆ ಆಳಿದ. ಲೇಖಕ ಮ್ಯಾಕ್ಸಿಮ್ ಗಾರ್ಕಿ ರೋಷದಿಂದ ಫ್ರಾನ್ಸನ್ನೇ ಬೈದು ಬರೆದ. ಆದರೆ ಫ್ರೆಂಚ್ ಪತ್ರಿಕೆಗಳಲ್ಲಿ ರಷ್ಯಾದ ಹಣಕಾಸು ಭದ್ರವಾಗಿದೆ ಎಂಬ ಮಾತೇ ಬರುತ್ತಿತ್ತು. ಪ್ಯಾರಿಸ್ಸಿನಲ್ಲಿದ್ದ ಝಾರನ ಹಣಕಾಸು ಪ್ರತಿನಿಧಿ ರಫಾಲೊವಿಚ್ ಪತ್ರಿಕೆಗಳಿಗೆ ಲಂಚ ಹಂಚುತ್ತಿದ್ದುದು ಅವನ ಪತ್ರಗಳು 1923-24ರಲ್ಲಿ ಅಚ್ಚಾದಾಗಷ್ಟೇ ಜನರಿಗೆ ತಿಳಿಯಿತು. ಇದಕ್ಕೆ ನಾನು ಬೇರೆ ಹೆಸರು ಕೊಡಲಾರೆ. ಇದು ಮೋಸ, ಅದರಲ್ಲಿ ಎರಡೂ ಸರಕಾರಗಳಿಗೆ ಪಾಲಿತ್ತು. 1914ರ ಹೊತ್ತಿಗೆ ಫ್ರೆಂಚರು ಹೊರದೇಶಗಳಲ್ಲಿ ತೊಡಗಿಸಿದ್ದ ಹಣದ ಕಾಲು ಭಾಗ ರಷ್ಯಾದಲ್ಲಿತ್ತು. ಪತ್ರ ಹೊಂದಿದ್ದವರು ಸುಮಾರು 15 ಲಕ್ಷ ಜನ. 1918ರ ಫೆಬ್ರವರಿಯಲ್ಲಿ ಲೆನಿನ್ ಸರಕಾರ ಒಂದು ಆಜ್ಞೆ ಹೊರಡಿಸಿ ಝಾರನ ಸಾಲವನ್ನೆಲ್ಲ ರದ್ದುಮಾಡಿತು.

ರಷ್ಯಾದ ಜನ ತೆತ್ತದ್ದು ಹಣದಲ್ಲಲ್ಲ. 1914ರ ಆಗಸ್ಟಿನಲ್ಲಿ ಫ್ರಾನ್ಸನ್ನು ಉಳಿಸಲೆಂದು ರಷ್ಯಾ ತಯಾರಿ ಮುಗಿಯುವ ಮೊದಲೇ ಪೂರ್ವ ಪ್ರಷ್ಯಾಕ್ಕೆ ನುಗ್ಗಿತು. ಜರ್ಮನರು ಪಶ್ಚಿಮದಿಂದ ಎರಡು ದಳಗಳನ್ನು ಹಿಂತೆಗೆದರು. ಮಾರ್ನ್ ಕದನದಲ್ಲಿ ಪ್ಯಾರಿಸ್ ಉಳಿಯಿತು. ಅದೇ ಹೊತ್ತಿಗೆ ಟ್ಯಾನೆನ್‌ಬರ್ಗ್‌ನಲ್ಲಿ ರಷ್ಯಾದ ಒಂದು ಸೈನ್ಯವೇ ಮುಳುಗಿತು, ಅದರ ಸೇನಾನಿ ಸಮ್ಸೊನೊವ್ ಗುಂಡು ಹೊಡೆದುಕೊಂಡು ಸತ್ತ. 1916ರಲ್ಲಿ ಬಂದೂಕಿಗೆ ಬದಲು ಸಿಪಾಯಿ ಎಂಬಂಥ ಲೆಕ್ಕದಲ್ಲಿ ಸುಮಾರು 20,000 ರಷ್ಯನ್ನರನ್ನು ಫ್ರಾನ್ಸಿನ ರಣರಂಗಕ್ಕೆ ಕಳಿಸಲಾಯಿತು. ಮೊದಲ ದಳ ಸೈಬೀರಿಯಾ ರೈಲಿನಲ್ಲಿ ಪೂರ್ವ ಸಮುದ್ರಕ್ಕೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಸಿಂಗಪುರ, ಕೊಲಂಬೊ, ಸುಯೆಜ್ ದಾಟಿ ಏಪ್ರಿಲಿನಲ್ಲಿ ಮಾರ್ಸೇಲ್ಸ್ ಮುಟ್ಟಿತು. ಜನ ಹೂ ಎರಚಿ ಸ್ವಾಗತಿಸಿದರು. ಮರುವರ್ಷ ಊರಿನಲ್ಲಿ ಕ್ರಾಂತಿಯಾದ ಸುದ್ದಿ ಬಂತು, ಏಪ್ರಿಲಿನ ಕದನದಲ್ಲಿ ಸಾವಿರಾರು ಜನ ಬಿದ್ದರು. ಉಳಿದವರು ಮನೆಗೆ ಕಳಿಸಿ ಎಂದರು. ದಂಗೆಯೆದ್ದವರನ್ನು ಲಾ ಕುರ್ತೀನ್ ಶಿಬಿರಕ್ಕೆ ಸಾಗಿಸಿ, ಸೆಪ್ಟೆಂಬರಿನಲ್ಲಿ ಅವರ ಮೇಲೆ ಫಿರಂಗಿ ಹಾರಿಸಲಾಯಿತು. ಹಾರಿಸಿದವರು ಸರಕಾರಕ್ಕೆ ನಿಷ್ಠರಾಗಿದ್ದ ರಷ್ಯನ್ನರೇ, ಸುತ್ತ ಕಾವಲು ನಿಂತವರು ಫ್ರೆಂಚರು. ಈ ದಂಡಿನಲ್ಲಿದ್ದ ಮಲಿನೊವ್‌ಸ್ಕಿ ಎಂಬ ಹದಿಹರೆಯದ ಮೆಷಿನ್‌ಗನ್ ಸೈನಿಕ ಮುಂದೆ ಸೋವಿಯತ್ ಒಕ್ಕೂಟದ ರಕ್ಷಣಾ ಮಂತ್ರಿಯಾದ.

ಕ್ರಾಂತಿಯ ನಂತರ ದೇಶ ಬಿಟ್ಟ ರಷ್ಯನ್ನರಲ್ಲಿ ಬಹಳ ಮಂದಿ ಪ್ಯಾರಿಸ್ಸಿಗೆ ಬಂದರು. ನೂರು ವರ್ಷದ ಹಿಂದೆ ಫ್ರೆಂಚ್ ಗಣ್ಯರು ಅಲ್ಲಿಗೆ ಓಡಿದ್ದಂತೆ ಈಗ ಇವರು ಇಲ್ಲಿಗೆ. ಹಳೆಯ ಅಧಿಕಾರಿಗಳು ಟ್ಯಾಕ್ಸಿ ಓಡಿಸಿದರು, ರೆನೊ ಕಾರ್ಖಾನೆಯಲ್ಲಿ ದುಡಿದರು. ಮನೆಯಲ್ಲಿ ಕಲಿತ ಫ್ರೆಂಚ್ ಕೊನೆಗೆ ಹೊಟ್ಟೆಪಾಡಿಗೆ ಒದಗಿತು. 1933ರಲ್ಲಿ ನೊಬೆಲ್ ಪಡೆದ ಬೂನಿನ್ ಅವರಲ್ಲೊಬ್ಬ.

ನೀಮನ್ ನದಿ ಇನ್ನೊಮ್ಮೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಜರ್ಮನರ ವಶವಾಗಿದ್ದಾಗ, ಡಿ ಗಾಲ್ ತನ್ನ ಕೆಲವು ವಿಮಾನ ಚಾಲಕರನ್ನು ರಷ್ಯಾದ ರಣರಂಗಕ್ಕೆ ಕಳಿಸಿದ. 'ನಾರ್ಮಂಡಿ' ಎಂಬ ಈ ಪಡೆ 1943ರಿಂದ ರಷ್ಯನ್ ಯಾಕ್ ವಿಮಾನಗಳಲ್ಲಿ ಹೋರಾಡಿತು. 1944ರಲ್ಲಿ ನೀಮನ್ ದಾಟುವ ಕದನದಲ್ಲಿ ತೋರಿದ ಶೌರ್ಯಕ್ಕಾಗಿ ಅದಕ್ಕೆ 'ನಾರ್ಮಂಡಿ-ನೀಮನ್' ಎಂಬ ಹೆಸರು ಸಿಕ್ಕಿತು. ನೆಪೋಲಿಯನ್ನನ ದಂಡು ಶತ್ರುವಾಗಿ ದಾಟಿದ ನದಿಯನ್ನು ಈ ಫ್ರೆಂಚರು ರಷ್ಯನ್ನರ ಪರವಾಗಿ ದಾಟಿದರು. ಆ ಜುಲೈ ತಿಂಗಳಲ್ಲಿ ಮೊರಿಸ್ ದ ಸೇನ್ ಎಂಬ ಚಾಲಕನ ವಿಮಾನದಲ್ಲಿ ಇಂಧನ ಸೋರಿ, ಹೊಗೆಯಿಂದ ಅವನ ಕಣ್ಣು ಕಾಣದಾಯಿತು. ಧುಮುಕೆಂದು ಕೆಳಗಿನಿಂದ ಮತ್ತೆಮತ್ತೆ ಆಜ್ಞೆ ಬಂತು. ಅವನ ಹಿಂದೆ ವಿಮಾನದ ಒಡಲಿನಲ್ಲಿ ರಷ್ಯನ್ ಮೆಕ್ಯಾನಿಕ್ ಬೆಲೊಜುಬ್ ಇದ್ದ. ಅವನ ಬಳಿ ಪ್ಯಾರಾಶೂಟ್ ಇರಲಿಲ್ಲ. ದ ಸೇನ್ ಧುಮುಕಲಿಲ್ಲ. ವಿಮಾನ ಇಳಿಸಲು ಯತ್ನಿಸಿದ, ಆಗಲಿಲ್ಲ, ಇಬ್ಬರೂ ಸತ್ತರು. ಆ ಪಡೆಯ 42 ಚಾಲಕರು ಹಾಗೆ ಪರನೆಲದಲ್ಲಿ ಮಡಿದರು.

1966ರಲ್ಲಿ ಡಿ ಗಾಲ್ ಅಧ್ಯಕ್ಷನಾಗಿ ಮಾಸ್ಕೋಗೆ ಹೋದ, ಹೊಸ ಒಪ್ಪಂದಗಳಾದವು, ಭಾಷಣಗಳಾದವು. ಸಾಲದ ಲೆಕ್ಕ ಮಾತ್ರ ಹಾಗೇ ಉಳಿಯಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1997ರಲ್ಲಿ, ರಷ್ಯಾ 40 ಕೋಟಿ ಡಾಲರ್ ಕೊಡಲು ಒಪ್ಪಿತು. ಮರುವರ್ಷ ಫ್ರಾನ್ಸ್ ಸರಕಾರ ಹಳೆಯ ಪತ್ರ ಇದ್ದವರು ತಂದು ತೋರಿಸಿ ಎಂದಾಗ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದರು. ಬಹುತೇಕರು ಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು. ಅಟ್ಟದ ಪೆಟ್ಟಿಗೆಗಳಲ್ಲಿ ಎಂಬತ್ತು ವರ್ಷ ಕಾದಿದ್ದ ಕಾಗದಗಳಿಗೆ ಅಸಲಿನ ಒಂದು ಚೂರಷ್ಟೇ ಸಿಕ್ಕಿತು. ಝಾರನ ಎರಡು ತಲೆಯ ಹದ್ದು, ರಷ್ಯನ್ ಮತ್ತು ಫ್ರೆಂಚ್ ಎರಡೂ ಲಿಪಿಯ ಅಚ್ಚು, ಅಂಚಿನಲ್ಲಿ ಕತ್ತರಿಸದೆ ಉಳಿದ ಕೂಪನ್‌ಗಳ ಸಾಲು ಇರುವ ಆ ಪತ್ರಗಳು ಈಗಲೂ ಹಳೆಯ ವಸ್ತುಗಳ ಅಂಗಡಿಯಲ್ಲಿ ಸಿಗುತ್ತವೆ. ಹವ್ಯಾಸಿಗಳು ಅಲ್ಪ ಬೆಲೆಗೆ ಕೊಂಡು, ಗಾಜಿನ ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುತ್ತಾರೆ.